ನಿಲ್ಲಬಾರದ ಹಡಗು

ಯುದ್ಧಸಾಹಿತ್ಯವನ್ನು ಓದುವಾಗ ನಾವು ಗೆದ್ದವರನ್ನು ಮೆಚ್ಚುತ್ತೇವೆ, ಸತ್ತವರಿಗಾಗಿ ಮರುಗುತ್ತೇವೆ. ಹಡಗು ಮುಳುಗಿದ ಮೇಲೆ ಎಣ್ಣೆ ಹರಡಿದ ನೀರಿನಲ್ಲಿ ಇನ್ನೂ ಕೈಕಾಲು ಬಡಿಯುತ್ತಿರುವವನತ್ತ ನಮ್ಮ ಗಮನ ಹೋಗುವುದು ಕಡಮೆ. ಆರ್.ಟಿ. ನಗರದ ನಮ್ಮ ಬೀದಿಯಲ್ಲಿರುವ, ನೌಕಾಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಅವರ ‘ದಿ ಸಿಂಕಿಂಗ್ ಆಫ್ ಐಎನ್‌ಎಸ್ ಖುಕ್ರಿ’ (2006) ಎಂಬ ಪುಸ್ತಕವನ್ನು ನನಗೆ ಓದಲು ಕೊಟ್ಟರು. ಅದನ್ನು ಮುಗಿಸಿದೊಡನೆ ನಿಕೊಲಸ್ ಮೊನ್ಸಾರಟ್‌ನ ‘ದಿ ಕ್ರೂಯಲ್ ಸೀ’ (1951) ಕಾದಂಬರಿಯನ್ನು ಮತ್ತೆ ಕಪಾಟಿನಿಂದ ತೆಗೆದೆ.

ಮೊನ್ಸಾರಟ್ ಸ್ವತಃ ಅಟ್ಲಾಂಟಿಕ್‌ನಲ್ಲಿ ಕಾವಲುಹಡಗುಗಳ ಮೇಲೆ ದುಡಿದವನು. ಅವನ ಕಥಾನಾಯಕ ಎರಿಕ್ಸನ್, ನೀರಿನಲ್ಲಿ ತೇಲುತ್ತಿರುವ ತನ್ನವರನ್ನು ಎತ್ತಿಕೊಳ್ಳಬೇಕೆನ್ನುವಾಗಲೇ ಧ್ವನಿಯಂತ್ರವು ಅವರ ಅಡಿಯಲ್ಲಿ ಶತ್ರುವಿನ ಜಲಾಂತರ್ಗಾಮಿ ಇದೆಯೆಂದು ಸೂಚಿಸುತ್ತದೆ. ಅವನು ಹಡಗನ್ನು ಅವರ ನಡುವೆಯೇ ನಡೆಸಿ ಸಿಡಿಗುಂಡುಗಳನ್ನು ಬೀಳಿಸುತ್ತಾನೆ. ಕೆಳಗೆ ಜಲಾಂತರ್ಗಾಮಿ ಇತ್ತೆಂಬುದಕ್ಕೆ ಕುರುಹೇ ಸಿಗುವುದಿಲ್ಲ. ಇಲ್ಲಿಯೇ ಲೇಖಕನ ಪ್ರಾಮಾಣಿಕತೆ ಇದೆ. ಶತ್ರುವಿನ ಒಂದು ಹಲಗೆಯನ್ನಾದರೂ ತೇಲಿಸಿದ್ದರೆ ಎರಿಕ್ಸನ್ ಗೆಲ್ಲುತ್ತಿದ್ದ, ಓದುಗನೂ ನೆಮ್ಮದಿಯಾಗಿ ನಿದ್ರಿಸುತ್ತಿದ್ದ. ಆದರೂ ನನ್ನದೊಂದು ಆಕ್ಷೇಪವಿದೆ. ಈ ದೃಶ್ಯವನ್ನು ನಾವು ಕಾಣುವುದು ಹಡಗಿನ ಮೇಲಿನಿಂದ. ನೀರಿನಲ್ಲಿರುವವರಿಗೆ ತಲೆಗಳಿವೆ, ಹೆಸರಿಲ್ಲ.

ಇಂಥ ಕಠೋರ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. 1914ರ ಸೆಪ್ಟೆಂಬರ್ 22ರಂದು ಬ್ರಿಟಿಷರ ‘ಅಬೌಕಿರ್’ ಟಾರ್ಪಿಡೊ ತಗುಲಿ ಮುಳುಗುವಾಗ ‘ಹೋಗ್’ ಮತ್ತು ‘ಕ್ರೆಸಿ’ ರಕ್ಷಣೆಗೆ ನಿಂತವು. ಅದೇ ಜಲಾಂತರ್ಗಾಮಿ ಅವೆರಡನ್ನೂ ಮುಳುಗಿಸಿತು. ಸುಮಾರು 1,450 ಮಂದಿ ಸತ್ತರು. 1949ರ ಜಿನೀವಾ ಒಪ್ಪಂದವೂ ಕದನದ ಬಳಿಕ ‘ಸಾಧ್ಯವಿರುವ’ ಕ್ರಮಗಳನ್ನೆಲ್ಲ ಕೈಗೊಳ್ಳಬೇಕೆನ್ನುತ್ತದೆ. ಆ ‘ಸಾಧ್ಯ’ ಎಷ್ಟೆಂಬುದನ್ನು ಕತ್ತಲಲ್ಲಿ ನಿಂತ ನಾಯಕನೊಬ್ಬನೇ ಅಳೆಯಬೇಕು.

1971ರ ಡಿಸೆಂಬರ್ 9ರ ರಾತ್ರಿ ದಿಯು ಬಳಿ ಪಾಕಿಸ್ತಾನದ ‘ಹಂಗೋರ್’ ನಮ್ಮ ‘ಖುಕ್ರಿ’ಯನ್ನು ಹೊಡೆದಾಗ ಜೊತೆಯಲ್ಲಿದ್ದ ‘ಕಿರ್ಪಾನ್’ ಅಲ್ಲಿಂದ ದೂರ ಸರಿಯಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 194 ಮಂದಿ ಹಡಗಿನೊಡನೆ ಹೋದರು. 67 ಮಂದಿಯನ್ನು ಮರುದಿನ ಎತ್ತಿಕೊಂಡರು. ಕಾರ್ಡೋಜೊ ಅವರು ಕೇಳಿಸಿಕೊಂಡದ್ದು ಈ ಬದುಕುಳಿದವರ ಮಾತನ್ನು. ಮೊನ್ಸಾರಟ್ ಬಿಟ್ಟ ಜಾಗವನ್ನು ಅವರ ಪುಸ್ತಕ ತುಂಬುತ್ತದೆ. ಅಲೆಗಳ ಮಟ್ಟದಿಂದ ನೋಡಿದ ನೋಟವಿದು. ಅದರ ಬಲವೂ ಅದೇ, ಮಿತಿಯೂ ಅದೇ.

ನಮ್ಮ ರನ್ನನ ದುರ್ಯೋಧನ ರಣರಂಗದ ಹೆಣಗಳ ನಡುವೆ ನಡೆಯುತ್ತ ದ್ರೋಣನೆದುರು, ಕರ್ಣನೆದುರು, ಶತ್ರುಪಕ್ಷದ ಅಭಿಮನ್ಯುವಿನೆದುರು ಸಹ ನಿಲ್ಲುತ್ತಾನೆ. ಸತ್ತವರಿಗಾಗಿ ನಿಲ್ಲಲು ನೆಲದಲ್ಲಿ ಎಡೆಯುಂಟು. ಕಡಲಲ್ಲಿ ಬದುಕಿರುವವರಿಗಾಗಿಯೂ ನಿಲ್ಲುವಂತಿಲ್ಲ. ಈ ಶೋಕಕ್ಕೆ ನಮ್ಮ ಕಾವ್ಯಪರಂಪರೆಯಲ್ಲಿ ಹೋಲಿಕೆ ಹುಡುಕಿ ಸೋತೆ.

ಪುಸ್ತಕ ಹಿಂದಿರುಗಿಸುವಾಗ ಹಿರಿಯರನ್ನು ಕೇಳಿದೆ: “ನೀವಾಗಿದ್ದರೆ ನಿಲ್ಲಿಸುತ್ತಿದ್ದಿರಾ, ಸಾರ್?”

“ನಿಲ್ಲಿಸಬಾರದು” ಎಂದರು. ಕಾಫಿ ಮುಗಿಯುವವರೆಗೂ ಮಾತಿಲ್ಲ. ಆಮೇಲೆ, “ಆದರೆ ಹಿಂದಿನ ದಿನ ಜೊತೆಯಲ್ಲಿ ಊಟ ಮಾಡಿದವರು ಇರ್ತಾರಲ್ಲ, ಮೇಷ್ಟ್ರೇ” ಎಂದರು.