ವ್ಯಾಧಿಯಲ್ಲಿ ವಿವೇಕ

ಅಮೆರಿಕದ ಕವಯಿತ್ರಿ ಆಡ್ರೆ ಲಾರ್ಡ್ (1934–1992) ಅವರ ‘ಎ ಬರ್ಸ್ಟ್ ಆಫ್ ಲೈಟ್’ 1988ರಲ್ಲಿ ಪ್ರಕಟವಾದ ಪ್ರಬಂಧ ಸಂಕಲನ. ಅದರ ಬಹುಭಾಗವು ದಿನಚರಿಯ ರೂಪದಲ್ಲಿದೆ. 1978ರಲ್ಲಿ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಪಡೆದಿದ್ದ ಲೇಖಕಿಗೆ, ವ್ಯಾಧಿಯು ಯಕೃತ್ತಿಗೆ ಹರಡಿರುವುದು 1984ರಲ್ಲಿ ತಿಳಿಯಿತು. ಕೂಡಲೇ ಬಯಾಪ್ಸಿ ಆಗಬೇಕೆಂಬ ವೈದ್ಯರ ಸಲಹೆಯನ್ನು ಒಪ್ಪದೆ, ಮೊದಲೇ ನಿಶ್ಚಯಿಸಿದ್ದಂತೆ ಅವರು ಪಾಠ ಹೇಳಲು ಬರ್ಲಿನ್ನಿಗೆ ತೆರಳಿದರು. ಬಂದಳಿಕೆ ಜಾತಿಯ ಸಸ್ಯಸಾರದ ಚುಚ್ಚುಮದ್ದನ್ನು ಆರಿಸಿಕೊಂಡರು.

ಕೃತಿಯಲ್ಲಿ ಧೈರ್ಯದ ಪ್ರದರ್ಶನವಿಲ್ಲ. ಭಯ, ನೋವು, ಸಂದೇಹಗಳು ಬೋಧನೆ, ಪ್ರವಾಸ, ಸ್ನೇಹಗಳ ಜೊತೆಜೊತೆಗೇ ದಾಖಲಾಗಿವೆ. ಉಳಿದ ಆಯುಷ್ಯವನ್ನು ಯಾವ ಕಾರ್ಯಕ್ಕೆ ವಿನಿಯೋಗಿಸಬೇಕೆಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಲೇಖಕಿ ಚಿಕಿತ್ಸೆಯನ್ನು ತೂಗುತ್ತಾರೆ. ರೋಗಿಣಿಯಿಂದ ರೋಗದ ಹೆಸರನ್ನೇ ಮುಚ್ಚಿಟ್ಟು ಹಿರಿಯರೇ ಎಲ್ಲವನ್ನೂ ತೀರ್ಮಾನಿಸುವ ಮನೆಗಳವರು ಇದನ್ನು ಅವಶ್ಯವಾಗಿ ಓದಬೇಕು.

ಆದರೆ ಇದನ್ನು ವೈದ್ಯಗ್ರಂಥವೆಂದು ಬಗೆಯಲಾಗದು. ಲೇಖಕಿ ಎಂಟು ವರ್ಷ ಬದುಕಿದರೆಂಬುದು ಆ ಚುಚ್ಚುಮದ್ದಿನ ಗುಣಕ್ಕೆ ಪ್ರಮಾಣವಾಗುವುದಿಲ್ಲ. ಅದು ಆಯುಷ್ಯವನ್ನು ವೃದ್ಧಿಸುತ್ತದೆಂಬುದು ಇಂದಿಗೂ ಸಿದ್ಧಪಟ್ಟಿಲ್ಲ. ಇಂದು ಗಡ್ಡೆಯ ಹಾರ್ಮೋನ್ ಗ್ರಾಹಕ ಮತ್ತು ಹರ್-2 ಗುಣಗಳನ್ನು ಬಯಾಪ್ಸಿಯಿಂದ ಅರಿತು ಔಷಧವನ್ನು ಆರಿಸುತ್ತಾರೆ. 1984ರ ನಿರಾಕರಣೆಯನ್ನು ಈಗ ಕುರುಡಾಗಿ ಅನುಸರಿಸಿದರೆ ಉಪಯುಕ್ತವಾದ ಮಾರ್ಗವೇ ಮುಚ್ಚಿಹೋದೀತು.

ಕೃತಿಯಿಂದ ಸ್ವೀಕರಿಸಬೇಕಾದುದು ಆಕೆಯ ಪ್ರಶ್ನಿಸುವ ಕ್ರಮವನ್ನು: ಈ ಚಿಕಿತ್ಸೆಯಿಂದ ದೊರೆಯುವ ಕಾಲವೆಷ್ಟು? ಅದರಲ್ಲಿ ಆಸ್ಪತ್ರೆಗೆ ಸಲ್ಲುವುದೆಷ್ಟು, ಬಾಳಿಗೆ ಉಳಿಯುವುದೆಷ್ಟು? ಉತ್ತರವು ಮೊದಲು ಆಕೆಯ ಕಿವಿಗೇ ಮುಟ್ಟಬೇಕು.