ಯಾವುದು ನಿಜ ಎಂದು ಮೊದಲೇ ಕೇಳಬೇಡಿ

ಉಮ್ಮಚಗಿಯ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ‘ಲೂಸಿಯಾ’ದಂಥ ಸಿನಿಮಾ ತಲೆಗೆ ಹತ್ತುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪಂಚೆಯುಟ್ಟು ಕೂತ ಅರ್ಥಧಾರಿಗೆ ವೇಷವಿಲ್ಲ, ಕಿರೀಟವಿಲ್ಲ. ಭಾಗವತರ ಪದ್ಯ ಮುಗಿದು ಮಾತು ಶುರುವಾಯಿತೋ, ಅವರೇ ಕಂಸ. ನಮ್ಮ ಪರಿಚಯದವರೂ ಹೌದು, ಮಥುರೆಯ ದೊರೆಯೂ ಹೌದು. ಎರಡನ್ನೂ ಒಟ್ಟಿಗೆ ನಂಬಿ ಕೇಳುವ ಈ ಅಭ್ಯಾಸವಿದ್ದರೆ, ಕನಸು ಯಾವುದು, ಎಚ್ಚರ ಯಾವುದು ಎಂಬ ಹಿಡಿತ ತಪ್ಪಿದವನ ಕಥೆಗೆ ನೀವು ಅರ್ಧ ಸಿದ್ಧರಾದ ಹಾಗೆ.

ವೈಜ್ಞಾನಿಕ ಕಥೆಗಳು ಇದಕ್ಕೆ ಗುಳಿಗೆ, ಯಂತ್ರ, ದೂರದ ಗ್ರಹಗಳ ನೆಪ ಹುಡುಕುತ್ತವೆ. ಭಾಗವತದ ದಶಮಸ್ಕಂಧಕ್ಕೆ ಆ ನೆಪವೂ ಬೇಕಾಗಲಿಲ್ಲ. ಕೃಷ್ಣ ಬಿಲ್ಲು ಮುರಿದ ಸುದ್ದಿ ಕೇಳಿದ ಕಂಸನಿಗೆ ನಿದ್ದೆ ಹತ್ತದು. ಪ್ರತಿಬಿಂಬದಲ್ಲಿ ತನ್ನ ತಲೆ ಕಾಣುವುದಿಲ್ಲ. ನೆರಳಿನಲ್ಲಿ ತೂತು. ನಡೆದರೆ ತನ್ನ ಹೆಜ್ಜೆಗುರುತೇ ಕಾಣದು. ಇದೆಲ್ಲ ಎಚ್ಚರದಲ್ಲೇ. ಕನಸಿನಲ್ಲಂತೂ ಪ್ರೇತಗಳ ಅಪ್ಪುಗೆ, ಕತ್ತೆಯ ಸವಾರಿ. ಆ ಪ್ರೇತಗಳಿಗಿಂತ ನನ್ನನ್ನು ಹೆಚ್ಚು ಹೆದರಿಸುವುದು ಕಾಣದ ಹೆಜ್ಜೆಗುರುತು. ದಿನಾ ಇರುವ ಸಣ್ಣದೊಂದು ಸಂಗತಿ ಇಲ್ಲವಾದಾಗ ಕಾಲಡಿಯ ನೆಲವೇ ಅಲುಗುತ್ತದೆ. ಇಂಥ ಕಥೆಗಳ ಕಸುಬು ಇರುವುದು ಅಲ್ಲಿ, ಕಣ್ಣು ಅಲ್ಲಿಡಿ.

ಪವನ್ ಕುಮಾರ್ ನಿರ್ದೇಶಿಸಿದ ‘ಲೂಸಿಯಾ’ ಬಂದದ್ದು 2013ರಲ್ಲಿ. ಬಂಡವಾಳ ಕೂಡಿಸಿಕೊಟ್ಟವರು ಪ್ರೇಕ್ಷಕರೇ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಸತೀಶ್ ಇದರ ನಾಯಕ. ನಿದ್ದೆ ಬಾರದ ನಿಕ್ಕಿಗೆ ಹಳೇ ಟಾಕೀಸಿನ ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಕೆಲಸ. ಗುಳಿಗೆ ನುಂಗಿದರೆ ಕನಸು. ಕನಸಿನಲ್ಲಿ ಅವನು ದೊಡ್ಡ ಸಿನಿಮಾ ತಾರೆ. ಟಾಕೀಸಿನ ಬದುಕು ಬಣ್ಣದಲ್ಲಿದೆ, ತಾರೆಯ ಬದುಕು ಕಪ್ಪು-ಬಿಳುಪಿನಲ್ಲಿ. ಹೊಸಬರು ಎಡವುವುದು ಇಲ್ಲೇ. ಬಣ್ಣ ಕಂಡ ಕೂಡಲೇ ಇದು ನಿಜ, ಅದು ಸುಳ್ಳು ಎಂದು ತೀರ್ಪು ಕೊಟ್ಟು ನಿಶ್ಚಿಂತರಾಗುತ್ತಾರೆ.

ತೀರ್ಪನ್ನು ತಡೆದಿಡಿ. ಈ ಬದುಕಿನಿಂದ ಆ ಬದುಕಿಗೆ ಏನೇನು ದಾಟುತ್ತದೆ ಎಂದು ನೋಡುತ್ತಿರಿ. ಟಾಕೀಸಿನ ಯಜಮಾನ ಶಂಕ್ರಣ್ಣನಾದ ಅಚ್ಯುತ್ ಕುಮಾರ್ ಅಲ್ಲಿ ತಾರೆಯ ಮ್ಯಾನೇಜರು. ಶ್ರುತಿ ಹರಿಹರನ್ ಎರಡೂ ಕಡೆ ಇದ್ದಾರೆ. ಇಲ್ಲಿ ಟಾಕೀಸಿಗೆ ಬಂದ ಬೆದರಿಕೆ ಅಲ್ಲಿ ಬೇರೆ ರೂಪ ತಾಳುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ: ಬಡವನಿಗೆ ತಾರೆಯ ಕನಸು ಬೀಳುವುದು ಸಹಜ, ಆದರೆ ತಾರೆಯ ಮುಖದಲ್ಲಿ ನೆಮ್ಮದಿ ಯಾಕಿಲ್ಲ? ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದವರಿಗೆ ಕೊನೆ ಬರೀ ಚಮತ್ಕಾರವಾಗಿ ಕಾಣುವುದಿಲ್ಲ, ಸಂಕಟವಾಗುತ್ತದೆ. ಆ ಕೊನೆಯನ್ನು ನಾನಿಲ್ಲಿ ಬಿಚ್ಚುವುದಿಲ್ಲ. ನೋಡಿದವರು ಯಾರೂ ನೋಡದವರ ಮುಂದೆ ಬಿಚ್ಚಬಾರದು.

ಇದೇ ಬಗೆಯನ್ನು ಟೀವಿಯಲ್ಲಿ ನೋಡುವ ಆಸೆಯಿದ್ದರೆ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಸರಣಿಯಲ್ಲಿ 1993ರ ‘ಫ್ರೇಮ್ ಆಫ್ ಮೈಂಡ್’ ಎಂಬ ಕಂತಿದೆ. ಆಕಾಶನೌಕೆಯ ಅಧಿಕಾರಿ ರೈಕರ್ ನಾಟಕವೊಂದರಲ್ಲಿ ಹುಚ್ಚಾಸ್ಪತ್ರೆಯ ರೋಗಿಯ ಪಾತ್ರ ಅಭ್ಯಾಸ ಮಾಡುತ್ತಿದ್ದಾನೆ. ಚಪ್ಪಾಳೆ ಕೇಳುತ್ತಿದ್ದ ಹಾಗೇ ರಂಗ ಮಾಯವಾಗಿ, ಅವನು ನಿಜವಾಗಿಯೂ ಅಂಥ ಕೋಣೆಯಲ್ಲಿರುತ್ತಾನೆ. ಪಾತ್ರಕ್ಕೂ ಪಾತ್ರಧಾರಿಗೂ ನಡುವಿನ ಗೆರೆ ಅಳಿಸುವ ಈ ಕ್ಷಣ ತಾಳಮದ್ದಳೆಯ ಶ್ರೋತೃಗಳಿಗೆ ಬೇರೆಯವರಿಗಿಂತ ಬೇಗ ತಟ್ಟುತ್ತದೆ ಎಂದು ನನ್ನ ನಂಬಿಕೆ. ಇಲ್ಲಿ ನೀವು ಬಿಡದೆ ಹಿಡಿಯಬೇಕಾದ್ದು ಅವನ ಹಣೆಯ ಬದಿಯ ಗಾಯ. ಜಾಗ ಬದಲಾದರೂ ಅದು ಮತ್ತೆ ಮತ್ತೆ ನೆತ್ತರು ಸುರಿಸುತ್ತದೆ.

ಮೊದಲ ಸಲ ಒಂದೇ ಕೂತಲ್ಲಿ, ಮೊಬೈಲು ದೂರವಿಟ್ಟು ನೋಡಿ. ಗೊಂದಲವಾದರೆ ಪಕ್ಕದವರನ್ನು ಕೇಳಬೇಡಿ. ಗೊಂದಲವೂ ಕಥೆಯದ್ದೇ ಭಾಗ. ‘ಲೂಸಿಯಾ’ವನ್ನು ಎರಡನೇ ಸಲ ಹಾಕಿದಾಗ ಕೋಮಾದಲ್ಲಿ ಮಲಗಿದ ನಿಕ್ಕಿಯ ಆಸ್ಪತ್ರೆಯ ದೃಶ್ಯಗಳನ್ನೂ ಪೊಲೀಸ್ ತನಿಖೆಯನ್ನೂ ನಿಧಾನವಾಗಿ ಗಮನಿಸಿ. ಮೊದಲ ಸಲ ಎಲ್ಲರೂ ದಾಟಿಸಿಬಿಡುವ ಭಾಗ ಅದು.