ಅಂಗಳದ ಕುಣಿತ, ಅತಿಥಿಯ ಅದಬ್

ಕುಣಿತಕ್ಕೆ ಹೋಗುವುದೆಂದರೆ ಕುಣಿತವನ್ನು ನೋಡಲು ಹೋಗುವುದು ಎಂಬ ಅರ್ಥವೇ ಈಗ ನಮ್ಮಲ್ಲಿ ಗಟ್ಟಿಯಾಗಿದೆ. ಆಹ್ವಾನಪತ್ರಿಕೆ, ಮುಂದಿನ ಸಾಲಿನಲ್ಲಿ ಗಣ್ಯರಿಗೆ ಸೋಫಾ, ಸ್ವಾಗತ ಭಾಷಣ, ಆಮೇಲೆ ಹತ್ತು ನಿಮಿಷದ ಒಂದು ಕುಣಿತ. ಕುಣಿಯುವವರು ಎತ್ತರದಲ್ಲಿ, ನೋಡುವವರು ತಗ್ಗಿನಲ್ಲಿ. ಈ ಏರ್ಪಾಡು ಎಷ್ಟು ಸಹಜವೆನಿಸಿದೆಯೆಂದರೆ, ಇದಕ್ಕಿಂತ ಬೇರೆಯದಾದ ಇನ್ನೊಂದು ಏರ್ಪಾಡು ಪ್ರತಿ ವರ್ಷ ಫಾಲ್ಗುಣದಲ್ಲಿ ಕುಮಟಾ, ಹೊನ್ನಾವರದ ಹಳ್ಳಿಗಳಲ್ಲಿ ಕಣ್ಣೆದುರೇ ನಡೆಯುತ್ತಿದೆ ಎಂಬುದು ಮರೆತುಹೋಗುತ್ತದೆ. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನು ಕುರಿತು ನಾವು ಹೇಳುತ್ತಿದ್ದೇವೆ.

ಸುಗ್ಗಿಯಲ್ಲಿ ಜನ ಕುಣಿತದ ಬಳಿಗೆ ಹೋಗುವುದಿಲ್ಲ, ಕುಣಿತವೇ ಜನರ ಮನೆಗೆ ಬರುತ್ತದೆ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಕೊಪ್ಪದ ಗಂಡಸರು ವೇಷ ಕಟ್ಟುತ್ತಾರೆ. ತಲೆಯ ಮೇಲೆ ಬೆಂಡಿನ ಹೂವು, ಬಣ್ಣದ ಕಾಗದ, ಹಕ್ಕಿಗಳಿಂದ ಸಿಂಗರಿಸಿದ ತುರಾಯಿ, ಮೈಮೇಲೆ ನಿಲುವಂಗಿ, ಕೈಯಲ್ಲಿ ನವಿಲುಗರಿಯ ಕುಂಚ. ಗುಮಟೆ, ಜಾಗಟೆ, ತಾಳದ ಜೊತೆಗೆ ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುತ್ತಾರೆ. ಅನೇಕ ತಂಡಗಳಲ್ಲಿ ಇದಕ್ಕೆ ವ್ರತದ ಕಟ್ಟುನಿಟ್ಟು ಇದೆ. ಬರಿಗಾಲಲ್ಲೇ ನಡೆಯಬೇಕು, ತಿರುಗಾಟ ಮುಗಿಯುವ ತನಕ ಸ್ವಂತ ಮನೆ ಸೇರುವಂತಿಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ಎಲ್ಲ ಮುಗಿಯುತ್ತದೆ. ಯಾವ ಅಂಗಳದಲ್ಲಿ ಕುಣಿದರೋ ಆ ಮನೆಗೆ ಹರಸಿ ಹಾಡುತ್ತಾರೆ. ಮನೆಯವರು ಅಕ್ಕಿ, ಕಾಯಿ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ಇದು ಪ್ರದರ್ಶನವಲ್ಲ, ಒಂದು ಭೇಟಿ.

ಭೇಟಿ ಎಂಬ ಈ ಗುಣ ಕುಣಿತದ ಆಕಾರದಲ್ಲೇ ಇದೆ. ಸುಗ್ಗಿಯವರು ಕುಣಿಯುವುದು ವೃತ್ತದಲ್ಲಿ. ಒಬ್ಬರ ಮುಖ ಇನ್ನೊಬ್ಬರಿಗೆ, ಎಲ್ಲರ ಬೆನ್ನು ನೋಡುವವರಿಗೆ. ತುರಾಯಿಯ ಭಾರದಿಂದಾಗಿ ಕತ್ತು ಹೆಚ್ಚು ಆಡುವಂತಿಲ್ಲ. ಆಟವೆಲ್ಲ ಮೊಣಕಾಲಿನಲ್ಲಿ, ಬಗ್ಗಿ ಏಳುವ ಸೊಂಟದಲ್ಲಿ. ತುರಾಯಿಗೆ ಹಿಂದು ಮುಂದು ಎಂಬ ಭೇದ ಹೆಚ್ಚಿಲ್ಲ. ಸುತ್ತಲೂ ನಿಂತ ಮಕ್ಕಳು, ಮುದುಕರು, ಜಗಲಿಯ ಮೇಲಿನ ಹೆಂಗಸರು ಎಲ್ಲರಿಗೂ ಅದು ಕಾಣಬೇಕಷ್ಟೆ. ಇಂಥ ಕುಣಿತವನ್ನು ಉತ್ಸವಗಳ ವೇದಿಕೆಗೆ ಹತ್ತಿಸಿದಾಗ ಏನಾಗುತ್ತದೆಂಬುದನ್ನು ನಾವು ಹಲವು ಬಾರಿ ಕಂಡಿದ್ದೇವೆ. ಅತಿಥಿಗಳಿಗೆ ಬೆನ್ನು ತೋರಿಸಬಾರದೆಂದು ವೃತ್ತವನ್ನು ಸೀಳಿ ಸಾಲು ಮಾಡುತ್ತಾರೆ. ಗುಮಟೆಯ ತಗ್ಗಿದ ದನಿಗೆ ಮೈಕು ಹಿಡಿಯುತ್ತಾರೆ, ಅದು ಡಬ್ಬ ಬಡಿದಂತೆ ಕೇಳಿಸುತ್ತದೆ. ನಿಧಾನಕ್ಕೆ ಕಾವೇರಬೇಕಾದ ಲಯವನ್ನು ಮೊದಲ ನಿಮಿಷದಲ್ಲೇ ಓಡಿಸುತ್ತಾರೆ, ಯಾಕೆಂದರೆ ಮುಂದಿನ ತಂಡ ಕಾಯುತ್ತಿದೆ. ಕೊನೆಗೆ ಶಾಲು, ಸ್ಮರಣಿಕೆ. ಹರಸಲು ಎದುರಿಗೆ ಮನೆಯೇ ಇಲ್ಲದಿರುವಾಗ ಹರಕೆಯ ಹಾಡು ಯಾರಿಗೆ? ಸಭಾಧ್ಯಕ್ಷರಿಗೆ!

ತಂಡಗಳನ್ನು ನಾವು ದೂರುತ್ತಿಲ್ಲ. ವೇಷಕ್ಕೆ ಖರ್ಚಿದೆ, ಹರೆಯದವರು ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ, ವೇದಿಕೆಯ ನಾಲ್ಕು ಕಾಸು ಬೇಕು. ನಮ್ಮ ದೂರು ಏರ್ಪಡಿಸುವವರ ಮೇಲೆ. ಸಂಸ್ಕೃತಿಯ ಹೆಸರಿನಲ್ಲಿ ಅವರು ಕುಣಿತವನ್ನು ಎತ್ತಿಕೊಂಡು ಹೋಗಿ, ಅಂಗಳವನ್ನು ಹಿಂದೆ ಬಿಟ್ಟು ಬರುತ್ತಾರೆ.

ಬೇರೆ ದಾರಿ ಇಲ್ಲವೇ? ದೂರದ ಸ್ಕಾಟ್ಲೆಂಡಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಹಳ್ಳಿ ಮತ್ತು ಪಟ್ಟಣದ ಜೋಡಿ ಕುಣಿತಗಳು ಮೊದಲ ಮಹಾಯುದ್ಧದ ನಂತರ ಮರೆಯಾಗುವ ಹಂತಕ್ಕೆ ಬಂದಿದ್ದವು. 1923ರಲ್ಲಿ ಗ್ಲಾಸ್ಗೋ ನಗರದಲ್ಲಿ ಜೀನ್ ಮಿಲಿಗನ್ ಮತ್ತು ಇಸೊಬೆಲ್ ಸ್ಟೀವರ್ಟ್ ಎಂಬ ಇಬ್ಬರು ಮಹಿಳೆಯರು ಅದಕ್ಕಾಗಿ ಒಂದು ಸೊಸೈಟಿ ಕಟ್ಟಿದರು. ಕುಣಿತಗಳನ್ನು ಪುಸ್ತಕಕ್ಕಿಳಿಸಿದರು, ಹೆಜ್ಜೆ ಕಲಿಸುವ ತರಗತಿ ನಡೆಸಿದರು. ಇಂದು ಜಗತ್ತಿನ ಅನೇಕ ನಗರಗಳಲ್ಲಿ ಅದರ ಶಾಖೆಗಳಿವೆ. ಈ ಶಾಖೆಗಳು ಏರ್ಪಡಿಸುವ ಔಪಚಾರಿಕ ಕೂಟಕ್ಕೆ ಬಾಲ್ ಎನ್ನುತ್ತಾರೆ. ಗಂಡಸರು ಕಿಲ್ಟ್ ತೊಟ್ಟು, ಹೆಂಗಸರು ಉದ್ದ ನಿಲುವಂಗಿ ತೊಟ್ಟು ಬರುತ್ತಾರೆ. ಯಾವ ಯಾವ ಕುಣಿತವೆಂಬ ಪಟ್ಟಿ ಮೊದಲೇ ಕೈಸೇರಿರುತ್ತದೆ, ಬಂದವರು ಅವನ್ನು ಕಲಿತೇ ಬಂದಿರುತ್ತಾರೆ. ಸಾಮಾನ್ಯವಾಗಿ ನಾಲ್ಕು ಜೋಡಿಗಳ ಒಂದು ಗುಂಪು. ನಿಮ್ಮ ಸರದಿ ಇಲ್ಲದಾಗ ನಿಂತು ಉಳಿದವರಿಗೆ ಜಾಗ ಬಿಡಬೇಕು, ಕೈ ಕೊಡಬೇಕಾದಲ್ಲಿ ಕೈ ಕೊಡಬೇಕು, ತಪ್ಪಿದವರನ್ನು ಕಣ್ಸನ್ನೆಯಲ್ಲೇ ದಾರಿಗೆ ತರಬೇಕು. ಅಲ್ಲಿ ಬರೀ ಪ್ರೇಕ್ಷಕ ಎಂಬವನಿಲ್ಲ. ಬಂದವರೆಲ್ಲ ಕುಣಿಯಲೆಂದೇ ಬಂದವರು.

ಇದರಲ್ಲಿ ಕಳೆದುಹೋದದ್ದೂ ಉಂಟು. ಊರಿಗೊಂದು ತರಹ ಇದ್ದ ಹೆಜ್ಜೆ ಪುಸ್ತಕಕ್ಕೆ ಬಂದ ಮೇಲೆ ಒಂದೇ ತರಹವಾಯಿತು. ಆದರೆ ಅವರು ಒಂದನ್ನು ಬಿಟ್ಟುಕೊಡಲಿಲ್ಲ, ಕೂಟವನ್ನು. ನಮ್ಮಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕರಂಥವರು ಹಳ್ಳಿ ಹಳ್ಳಿ ಸುತ್ತಿ ಈ ಜಿಲ್ಲೆಯ ಜನಪದವನ್ನು ದಾಖಲಿಸಿದ್ದಾರೆ. ಅದು ದೊಡ್ಡ ಕೆಲಸ. ಅಂಕೋಲೆಯ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ ಕಂಬನಿ ಮಿಡಿದವು. ಅತ್ತ ಗೋವಾ ಸರಕಾರ 2019ರಲ್ಲಿ ಘುಮಟ್ ವಾದ್ಯವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಅದು ನಮ್ಮ ಗುಮಟೆಯ ಒಡಹುಟ್ಟು. ಪುಸ್ತಕ ಹಾಡನ್ನು ಉಳಿಸುತ್ತದೆ, ಪ್ರಶಸ್ತಿ ಹಾಡಿದವರನ್ನು ಗೌರವಿಸುತ್ತದೆ, ಘೋಷಣೆ ವಾದ್ಯಕ್ಕೆ ಮಾನ ಕೊಡುತ್ತದೆ. ಕುಣಿತವನ್ನು ಬರಮಾಡಿಕೊಳ್ಳುವ ಮನೆಯನ್ನು ಉಳಿಸುವವರು ಯಾರು?

ಈ ಪ್ರಶ್ನೆ ಹಾಲಕ್ಕಿಗಳಿಗೆ ಮಾತ್ರ ಸೇರಿದ್ದಲ್ಲ. ಸುಗ್ಗಿ ತಂಡಗಳು ಪೇಟೆಗೂ ಬರುತ್ತವೆ, ಅಂಗಡಿಗಳ ಮುಂದೆಯೂ ನಿಲ್ಲುತ್ತವೆ. ಆಗ ಮುಸ್ಲಿಂ ವರ್ತಕ, ಮುಸ್ಲಿಂ ಗೃಹಸ್ಥ ಏನು ಮಾಡಬೇಕು? ಕೈಗೆ ಸಿಕ್ಕ ನೋಟು ಕೊಟ್ಟು ಬೇಗ ಸಾಗಹಾಕುವುದು ಒಂದು ಬಗೆ. ಗೇಟು ಹಾಕಿ ಒಳಗಿರುವುದು ಇನ್ನೊಂದು ಬಗೆ. ಎರಡಕ್ಕೂ ಧರ್ಮದ ಕಾರಣ ಕೊಡುವವರಿದ್ದಾರೆ. ಸುಗ್ಗಿಗೆ ಕರಿದೇವರ ಪೂಜೆಯಿದೆ ನಿಜ. ಆ ಪೂಜೆಯಲ್ಲಿ ಮುಸ್ಲಿಮನಿಗೆ ಪಾಲಿಲ್ಲ, ಪಾಲು ತೆಗೆದುಕೊಳ್ಳೆಂದು ಯಾವ ಗೌಡನೂ ಕೇಳುವುದಿಲ್ಲ. ಸಂಗೀತ, ನೃತ್ಯಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದನ್ನು ಇತ್ಯರ್ಥ ಮಾಡುವುದು ಕಥೆ ಬರೆಯುವವರ ಕೆಲಸವಲ್ಲ. ಆದರೆ ಬುಖಾರಿ ಮತ್ತು ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿರುವ ಒಂದು ಪ್ರಸಂಗವನ್ನು ನೆನಪಿಸಬಹುದು. ಈದ್ ದಿನ ಅಬಿಸೀನಿಯಾದವರು ಪ್ರವಾದಿಯವರ (ಸ) ಮಸೀದಿಯಲ್ಲೇ ಈಟಿ ಹಿಡಿದು ಆಟವಾಡಿದರು. ಪ್ರವಾದಿಯವರು ಅದನ್ನು ತಡೆಯಲಿಲ್ಲ. ಹಜ್ರತ್ ಆಯಿಷಾ (ರ) ಅವರಿಗೆ ಸಾಕೆನಿಸುವ ತನಕ ಮರೆಯಾಗಿ ನಿಂತು ಆಟವನ್ನು ತೋರಿಸಿದರು. ದೂರದಿಂದ ಬಂದವರ ಆಟವನ್ನು ತಾಳ್ಮೆಯಿಂದ ನೋಡುವುದೂ ಒಂದು ಸುನ್ನತಿನ ನಡೆ ಎಂದು ಇದರಿಂದ ತಿಳಿಯಬಾರದೇ?

ಅದಬ್ ಎಂದರೆ ಏನೆಂದು ನಮ್ಮ ಕರಾವಳಿಯ ಮುಸ್ಲಿಮರಿಗೆ ಯಾರೂ ಕಲಿಸಬೇಕಿಲ್ಲ. ಮುಶಾಯರಾಗಳಲ್ಲಿ ಕೇಳುಗನ ಪಾಲು ಎಷ್ಟೆಂಬುದು ಭಟ್ಕಳದವರಿಗೆ ಗೊತ್ತು. ಶೇರ್ ಪೂರ್ತಿಯಾದಾಗ ದಾದ್ ಕೊಡಬೇಕು, ಶಾಯರ್ ಸೋತರೂ ಎದ್ದು ಹೋಗಬಾರದು. ಕೇಳುಗನಿಲ್ಲದ ಮುಶಾಯರಾ ಇಲ್ಲ. ಹಾಗೆಯೇ ಅಂಗಳವಿಲ್ಲದ ಸುಗ್ಗಿ ಇಲ್ಲ. ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ, ದಮಾಮಿ ಮಾತ್ರ ಮೂವರಿಗೂ ಸೇರಿದ್ದು.

ಕರೆಯುವ ಮರ್ಯಾದೆಯೂ ನಮ್ಮ ನೆಲದಲ್ಲಿ ಹೊಸತಲ್ಲ. ಭಟ್ಕಳದ ಚನ್ನಪಟ್ಟಣ ಹನುಮಂತ ದೇವಸ್ಥಾನದ ರಥೋತ್ಸವಕ್ಕೆ ಮುನ್ನ ಊರಿನ ಹಳೆಯ ಮುಸ್ಲಿಂ ಮನೆತನಕ್ಕೆ ಹೋಗಿ ಆಹ್ವಾನಿಸುವ ಸಂಪ್ರದಾಯವಿದೆ. 1993ರ ಗಲಭೆಯಿಂದ ಊರಿನ ಮನಸ್ಸು ಒಡೆದ ಮೇಲೂ ಆ ಕರೆಯ ಅರ್ಥ ಅಳಿದಿಲ್ಲ. ಅದೇ ಕರಾವಳಿಯ ಕಾಪುವಿನಲ್ಲಿ 2022ರ ಮಾರಿಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಒಂದು ಕಡೆ ನೀನು ಬರಬೇಡ ಎನ್ನುವವರು, ಇನ್ನೊಂದು ಕಡೆ ನಾನು ಹೋಗುವುದಿಲ್ಲ ಎನ್ನುವವರು. ಇಬ್ಬರೂ ಸೇರಿ ಮುಚ್ಚುವುದು ಒಂದೇ ಬಾಗಿಲನ್ನು. ಆ ಬಾಗಿಲಿನ ಆಚೆ ನಿಂತವರಲ್ಲಿ ಹೆಚ್ಚಿನವರು ಭೂಮಿ ಕಡಿಮೆಯಿರುವ, ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ವರ್ಷಗಳಿಂದ ಕೇಳುತ್ತಿರುವ ಹಾಲಕ್ಕಿಗಳು ಎಂಬುದನ್ನು ಯಾರೂ ಎಣಿಸುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಉತ್ಸವ ನಡೆಸುವವರು ಸುಗ್ಗಿಯನ್ನು ವೇದಿಕೆಯಿಂದ ಇಳಿಸಿ ಬಯಲಿಗೆ ಬಿಡಲಿ, ಕುರ್ಚಿಗಳನ್ನು ಸುತ್ತ ಹಾಕಲಿ, ಹತ್ತು ನಿಮಿಷದ ಬದಲು ಒಂದು ತಾಸು ಕೊಡಲಿ, ಬೆನ್ನು ಕಂಡರೆ ಕಾಣಲಿ. ಕುಮಟಾ, ಹೊನ್ನಾವರದ ಮುಸ್ಲಿಂ ಮನೆಗಳು ತಂಡ ಬಂದಾಗ ಗೇಟು ತೆರೆದಿಡಲಿ. ದೀಪ, ಹೂವು ಅವರದ್ದು. ಬಿಸಿಲಲ್ಲಿ ನಡೆದು ಬಂದವರಿಗೆ ನೀರು, ಬೆಲ್ಲ, ಕೂರಲು ನೆರಳು, ಕುಣಿತ ಮುಗಿಯುವ ತನಕ ನಿಲ್ಲುವ ತಾಳ್ಮೆ, ಕೈಯಲ್ಲಿ ಮರ್ಯಾದೆಯ ಕಾಣಿಕೆ ನಮ್ಮದು. ಮಕ್ಕಳನ್ನು ಹೊರಗೆ ಕರೆದು ತೋರಿಸಲಿ. ತುರಾಯಿಯ ಮೇಲಿನ ಹಕ್ಕಿಗಳನ್ನು ಮಕ್ಕಳು ಎಣಿಸುತ್ತಾರೆ, ಅಷ್ಟು ಸಾಕು.